ಅಂಗಾಲಿಗೆ ಹಚ್ಚಿ ಬಾಯಿ ಮೂಸುವುದು

ಬೆಳಿಗ್ಗೆ ಅವ್ವನ ಬೆನ್ನಿಗೆ ಡಾಕ್ಟರು ಕೊಟ್ಟ ನೋವಿನ ಪಟ್ಟಿ ಅಂಟಿಸುವಾಗ, ಹಾರನಹಳ್ಳಿ ಮನೆಯ ಬೆಳ್ಳುಳ್ಳಿ ಎಣ್ಣೆ ನೆನಪಾಯಿತು.

ಕೂಸಾಗಿದ್ದ ತಮ್ಮನಿಗೆ ನೆಗಡಿಯಾದರೆ ಯಾವ ಔಷಧಿ ಕುಡಿಸಿದರೂ ಉಗಿದುಬಿಡುತ್ತಿದ್ದ. ಅದಕ್ಕೇ ಅವ್ವ ಕೊಬ್ಬರಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ ಅವನ ಅಂಗಾಲಿಗೆ ತಿಕ್ಕುತ್ತಿದ್ದಳು. ಆದರೆ ಮೊದಲು ಪರೀಕ್ಷೆಗೆ ನನ್ನ ಅಂಗಾಲಿಗೆ. ಸ್ವಲ್ಪ ಹೊತ್ತು ಬಿಟ್ಟು ನನ್ನ ಬಾಯಿ ಮೂಸುತ್ತಿದ್ದಳು. ಬೆಳ್ಳುಳ್ಳಿ ವಾಸನೆ ಬಂದರೆ ಮದ್ದು ಒಳಕ್ಕಿಳಿದಿದೆ ಎಂದರ್ಥ. ಬಾರದಿದ್ದರೆ ಎಣ್ಣೆ ಮತ್ತೆ ಒಲೆ ಏರುತ್ತಿತ್ತು. ಊಟದ ವಾಸನೆ ಇದಕ್ಕೆ ಬೆರೆಯಬಾರದೆಂದು ಆ ದಿನ ನಮ್ಮ ಮನೆಯ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಇರುತ್ತಿರಲಿಲ್ಲ.

ಒಮ್ಮೆ ಅಪ್ಪ ಅರಸೀಕೆರೆಯ ಹೋಟೆಲಿನಲ್ಲಿ ಬೆಳ್ಳುಳ್ಳಿ ಚಟ್ನಿ ತಿಂದು ಬಂದು ನಮ್ಮ ಪಕ್ಕದಲ್ಲೇ ಕುಳಿತರು.

"ಆಚೆ ಹೋಗ್ರೀ, ನಿಮ್ ವಾಸ್ನೇಲಿ ಮಗೀದು ಗೊತ್ತಾಗಕಿಲ್ಲ" ಎಂದು ಅವ್ವ ಅವರನ್ನು ಜಗಲಿಗೆ ಅಟ್ಟಿದಳು. ಅಪ್ಪ ಅಲ್ಲಿಂದಲೇ ಕೂಗುತ್ತಿದ್ದರು: "ಇಳೀತೇನೇ? ಒಳಕ್ಕೆ ಬರ್ಲಾ?"

ಇವತ್ತು ಪಟ್ಟಿ ಅಂಟಿಸಿ, "ಔಷಧಿ ತಾನಾಗೇ ಒಳಕ್ಕೆ ಹೋಯ್ತದೆ ಕಣವ್ವ" ಎಂದೆ. ಅವ್ವ ನಂಬಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಕಡೆ ತಿರುಗಿ ಬಾಯಿ ಅಗಲಿಸಿದಳು.

"ನೋಡು, ಬಂದೈತಾ?"

ಬಗ್ಗಿ ಮೂಸಿದೆ. ಕಾಫಿಯ ವಾಸನೆ ಬಂತು.

"ಇಳಿದೈತೆ ಕಣವ್ವ" ಎಂದೆ.