ಕೌದಿಯ ಮೂಲೆಯ ತುತ್ತು

ಚರ್ರ್ ಎಂದು ಹಳೆಯ ಸೀರೆ ಹರಿಯುವ ಸದ್ದು ಕೇಳಿತೆಂದರೆ, ಸುರಪುರದ ರಂಗಂಪೇಟೆಯ ಆ ಓಣಿಗೆ ಬೆಳಗಾದಂತೆ. ಯಂಕಮ್ಮ ಕೌದಿ ಹೊಲಿಯಲು ಕೂತಳೆಂದೇ ಅರ್ಥ. ಬಾಣಂತಿ, ಕೂಸು, ಊರಿಂದ ಬಂದ ಬೀಗರು, ಅಲ್ಲಿ ಅವಳ ಕೌದಿ ಹೊದೆಯದೆ ಮಲಗಿದವರಿಲ್ಲ. ಅತ್ತೆ ಕಲಿಸಿದ್ದನ್ನು ಅವಳು ಎಂದೂ ಮೀರಿದವಳಲ್ಲ: ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ಚೂರು ಜೋಳದ ರೊಟ್ಟಿ ಇಡಬೇಕು. ಕೌದಿ ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ.

ಈ ಚಳಿಗಾಲದಲ್ಲಿ ಅವಳ ಕೌದಿಗಳಿಗೆ ದೇಶಸೇವೆಯ ಯೋಗ ಕೂಡಿಬಂತು. ಗಡಿಯಾಚೆಯ ಗುಡ್ಡಗಾಡು ದೇಶವೊಂದರಲ್ಲಿ ಭೂಮಿ ನಡುಗಿ ಜನ ಬಯಲಿಗೆ ಬಿದ್ದರು. ನಮ್ಮ ಸರ್ಕಾರದ ದೊಡ್ಡವರ ಕರುಳು ಚುರ್ ಎಂದಿತು. ಅಲ್ಲಿಯ ರಸ್ತೆಗಳನ್ನು ಇನ್ನೊಂದು ದೊಡ್ಡ ದೇಶ ಕಟ್ಟಲಿದೆ ಎಂಬ ಸುದ್ದಿ ಬಂದ ವಾರವೇ ಚುರ್ ಎಂದದ್ದು ಬರೀ ಕಾಕತಾಳೀಯ.

ಯಂಕಮ್ಮ ಮತ್ತು ಓಣಿಯ ಮಹಿಳಾ ಸಂಘದವರು ಹೊಲಿದ ಕೌದಿಗಳು ಲಾರಿ ಏರಿದವು. ವಿಮಾನ ನಿಲ್ದಾಣದ ಯಂತ್ರಕ್ಕೆ ಒಂದೊಂದು ಮೂಲೆಯಲ್ಲೂ ಏನೋ ಅಡಗಿದ್ದು ಕಂಡಿತು. ಭದ್ರತೆಯ ನಾಯಿಗಳು ಮೂಸಿ ಬಾಲ ಅಲ್ಲಾಡಿಸಿದವು. ಅನುಮಾನ ಇನ್ನೂ ಬಲವಾಯಿತು. ಮೂಲೆಗಳನ್ನು ಸೀಳಿ, ರೊಟ್ಟಿಯನ್ನು ಪರೀಕ್ಷೆಗೆ ಕಳಿಸಿ, ಕೌದಿಗಳನ್ನು ಸುರಪುರಕ್ಕೆ ಹಿಂದಿರುಗಿಸಿದರು. ಜೊತೆಗೆ ಬಂದವನು ತಾಲೂಕು ಕಚೇರಿಯ ಗುಮಾಸ್ತ ಶಾಂತಕುಮಾರ, ಅದೇ ಓಣಿಯವನು.

"ಚಿಗವ್ವ, ಮೂಲಿ ಖಾಲಿ ಇಟ್ಟು ಹೊಲದು ಕೊಡು. ನಾಳಿಗಿ ಲಾರಿ ಹೊಂಡ್ತದ."

"ಮನಿ ಬಿದ್ದವರ ಮ್ಯಾಲ ಹಸದ ಕೌದಿ ಹೊಚ್ಚಬೇಕೇನೋ?"

"ರೊಟ್ಟಿ ಇದ್ರ ವಿಮಾನ ಹತ್ತಂಗಿಲ್ಲ. ದೇಶದ ಭದ್ರತಾ ಅದು."

"ನನ್ನ ರೊಟ್ಟಿ ಅಷ್ಟು ದೊಡ್ಡ ದೇಶಾನ ಅಳ್ಳಾಡಸ್ತದೇನು?"

ಶಾಂತಕುಮಾರ ಚೀಲ ಬಿಚ್ಚಿದ. ಧ್ವಜದ ಗುರುತಿದ್ದ ಬಟ್ಟೆಯ ಚೀಟಿಗಳು. "ಇವನ್ನ ಅದೇ ಮೂಲಿಗಿ ಹೊಲಿ. ಫೋಟೋದಾಗ ಎದ್ದು ಕಾಣಬೇಕು."

"ಇವು ಇಲ್ದ ಕಳಸಿದ್ರ?"

"ಇವು ಇಲ್ದ ಕಳಸಿ ಏನು ಉಪಯೋಗ? ಕೊಟ್ಟವರು ಯಾರಂತ ಹೆಂಗ ಗೊತ್ತಾಗಬೇಕು?"

"ನಿಮಗ ಚೀಟಿ ಹೆಂಗೋ ನನಗ ರೊಟ್ಟಿ ಹಂಗ."

"ಚಿಗವ್ವ, ಹಟ ಬ್ಯಾಡ. ಆ ಇನ್ನೊಂದು ದೇಶದ ಕಂಬಳಿ ನಿನ್ನಿಗೇ ಅಲ್ಲಿಗಿ ಮುಟ್ಟ್ಯಾವ! ಸಾಹೇಬ್ರು ಊಟಾ ಬಿಟ್ಟು ಕುಂತಾರ."

ಯಂಕಮ್ಮನ ಮುಖ ಅರಳಿತು. "ಹಂಗಂದ್ರ ಕೂಸುಗಳು ಬೆಚ್ಚಗ ಮಲಗ್ಯಾವ?"

"ಅದೇ ಘಾತ ಆಗ್ಯಾದ! ಪುಣ್ಯಾಕ ಎಲ್ಲರಿಗಿ ಸಾಲಿಲ್ಲಂತ. ಮ್ಯಾಲಿನ ಹಳ್ಳಿಯವರು ಇನ್ನಾ ಬಯಲಾಗ ನಡಗಾಕತ್ತಾರ. ನಮಗ ಅಷ್ಟಾದ್ರೂ ಅವಕಾಶ ಉಳದದ."

ಅವನ ಸಂತೋಷವನ್ನು ಅವಳು ಒಂದು ಕ್ಷಣ ದಿಟ್ಟಿಸಿದಳು. ಕೌದಿ ಕಳಿಸದಿದ್ದರೆ ಆ ಮಕ್ಕಳಿಗೆ ಚಳಿ. ಖಾಲಿ ಕಳಿಸಿದರೆ ನಿದ್ದೆಯಿಲ್ಲ. ಸೀಳಿದ ಮೂಲೆಯನ್ನು ಬೆರಳಲ್ಲಿ ಸವರುತ್ತ ಕೇಳಿದಳು:

"ದಾರಕ್ಕ ಗಂಜಿ ತಿಕ್ಕಿದ್ರ ಮಷೀನು ಒದರ್ತದೇನು?"

"ಗಂಜಿಗಿ ಯಾರ್ದೂ ತಕರಾರಿಲ್ಲ. ಸಾಹೇಬ್ರ ಅಂಗಿಗೇ ಗಂಜಿ ಇರ್ತದ."

"ಜೋಳದ ಗಂಜಿ?"

"ಯಾವುದಾರ ಇರ್ಲಿ, ರೊಟ್ಟಿ ಬ್ಯಾಡ. ನೋಡು ಚಿಗವ್ವ, ನೆರವು ಅಂದ್ರ ಸುಮ್ಮ ಕೊಡೂದಲ್ಲ. ಅದರ ಹಿಂದ ಗಡಿ ಇರ್ತದ, ರಸ್ತೆ ಇರ್ತದ, ನಾಳಿಗಿ ಅವರು ಯಾರ ಕಡಿ ನಿಲ್ತಾರ ಅನ್ನೂದು..."

ಯಂಕಮ್ಮ ಎದ್ದಳು. ಒಂದು ಚೂರೇಕೆ, ಮೂಲೆ ಮುಚ್ಚುವ ಹೊಲಿಗೆ ಹೊಲಿಗೆಯೂ ಜೋಳದ ಗಂಜಿ ಉಣ್ಣಲಿ. ದಾರದ ಉಂಡೆಗಳನ್ನೆಲ್ಲ ಸೆರಗಿಗೆ ಸುರಿದುಕೊಂಡು, ಜೋಳದ ಹಿಟ್ಟಿನ ಡಬ್ಬಿಯಿದ್ದ ಅಡುಗೆಮನೆಯತ್ತ ನಡೆದಳು. ಶಾಂತಕುಮಾರ ಇನ್ನೂ ಗಡಿಯ ಬಗ್ಗೆಯೇ ಹೇಳುತ್ತಿದ್ದ.