ಹಾಲಿಗೆ ನೀರು ಬೆರೆಸಿದ ‘ನಾನು’

ಕಥೆಯೊಳಗಿನ ‘ನಾನು’ ಬೇರೆ, ಕಥೆ ಬರೆದವನು ಬೇರೆ ಎಂಬ ಸಿದ್ಧಾಂತಕ್ಕೆ ಸಾಹಿತ್ಯದ ಮೇಷ್ಟ್ರುಗಳಲ್ಲಿ ಒಳ್ಳೆಯ ಬೆಂಬಲವಿದೆ. ಕ್ಯಾಸಂಬಳ್ಳಿ ಕಡೆಯ ನಮ್ಮ ಹಳ್ಳಿಯ ಹಾಲಿನ ಡೈರಿಯಲ್ಲಿ ಅದಕ್ಕೆ ಬೆಂಬಲವಿಲ್ಲ. ಇದು ನನಗೆ ತಿಳಿದದ್ದು ನನ್ನ ಹೆಂಡತಿ ಆ ಡೈರಿಯ ಅಧ್ಯಕ್ಷೆಯಾಗಬೇಕಾಗಿದ್ದ ಹೊತ್ತಿನಲ್ಲಿ.

ನಮ್ಮ ಡೈರಿಯದು ಹೆಂಗಸರ ಸಂಘ. ಅಲ್ಲಿ ಚುನಾವಣೆಯೆಂಬುದು ಕಾಗದದ ಮೇಲೆ ಮಾತ್ರ ಉಂಟು. ನಿಜವಾಗಿ ನಡೆಯುವುದಿಷ್ಟು: ಸಂಜೆ ಹಾಲು ಹಾಕಿದ ಮೇಲೆ ಎಲ್ಲರೂ ಖಾಲಿ ಪಾತ್ರೆ ಪಕ್ಕಕ್ಕಿಟ್ಟು ಡೈರಿ ಜಗಲಿಯಲ್ಲಿ ಕೂರುತ್ತಾರೆ, ಒಬ್ಬರ ಹೆಸರು ಎತ್ತುತ್ತಾರೆ. ಯಾರೂ ಗೊಣಗದಿದ್ದರೆ ಅವರೇ ಅಧ್ಯಕ್ಷರು. ಒಬ್ಬಾಕೆ ಗೊಣಗಿದರೂ ಆ ಹೆಸರು ಅಲ್ಲಿಗೆ ಬಿತ್ತು. ನನ್ನ ಹೆಂಡತಿಗೆ ಆ ಜಾಗ ಬೇಕಾಗಿತ್ತು. ಸಂಜೆ ಲಾರಿ ತಡವಾದ ದಿನವೆಲ್ಲ ಹಾಲು ಒಡೆಯುತ್ತಿತ್ತು. ತಂಪು ಮಾಡುವ ಟ್ಯಾಂಕು ತರಿಸಬೇಕೆಂದು ಅವಳು ತಟ್ಟದ ಬಾಗಿಲಿಲ್ಲ. ಅಧ್ಯಕ್ಷೆಯೇ ಹೋಗಿ ಕೇಳಿದರೆ ಬಾಗಿಲು ಇನ್ನಷ್ಟು ತೆರೆಯುತ್ತದೆಂಬುದು ಅವಳ ಲೆಕ್ಕ.

ಇಂಥ ಸುಮುಹೂರ್ತದಲ್ಲಿ ನನ್ನ ಕಥೆ ಅಚ್ಚಾಯಿತು.

ಕೆಜಿಎಫ್‌ನ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ನನಗೆ ಕೆಲಸ. ಬಿಡುವಿನಲ್ಲಿ ಕಥೆ ಬರೆಯುತ್ತೇನೆ, ಬಿಡುವು ಅಲ್ಲಿ ಸಾಕಷ್ಟಿದೆ. ಈ ಕಥೆಯಲ್ಲಿ ಒಬ್ಬ ಗಂಡಸು ಕೋಳಿ ಕೂಗುವ ಹೊತ್ತಿಗೆ ಎದ್ದು ಹಸು ಕರೆದು, ಹಾಲಿಗೆ ಒಂದು ಚೊಂಬು ನೀರು ಬೆರೆಸಿ, ಗಟ್ಟಿತನ ಅಳೆಯುವ ಲ್ಯಾಕ್ಟೋಮೀಟರಿನ ಡಿಗ್ರಿ ಇಳಿಯದಿರಲೆಂದು ಚಿಟಿಕೆ ಉಪ್ಪು ಹಾಕಿ ಡೈರಿಗೆ ಕೊಡುತ್ತಾನೆ. ಮೊದಲು ‘ಅವನು’ ಎಂದೇ ಬರೆದಿದ್ದೆ. ಓದಿ ನೋಡಿದರೆ ಸಿಕ್ಕಿಬಿದ್ದ ಕಳ್ಳನೊಬ್ಬ ಬೀದಿಯಲ್ಲಿ ನಿಂತಂತೆ, ಓದುವವರು ಕಟ್ಟೆಯ ಮೇಲೆ ಆರಾಮಾಗಿ ಕೂತು ನೋಡಿದಂತೆ ಇತ್ತು. ಅವರನ್ನು ಕಟ್ಟೆಯಿಂದಿಳಿಸಿ ಕೊಟ್ಟಿಗೆಯೊಳಗೆ ತರಬೇಕು, ಚೊಂಬನ್ನು ಅವರ ಕೈಗೇ ಕೊಡಬೇಕು ಅನ್ನಿಸಿತು. ‘ನಾನು’ ಎಂದು ತಿದ್ದಿದೆ. ಕಲೆಯ ದೃಷ್ಟಿಯಿಂದ ಅದು ಸರಿಯಾದ ನಿರ್ಧಾರ. ಸಂಸಾರದ ದೃಷ್ಟಿಯನ್ನು ಆಗ ವಿಚಾರಿಸಿರಲಿಲ್ಲ.

ಬಂಗಾರಪೇಟೆ ಸ್ಟೇಷನ್ನಿನ ಪುಸ್ತಕದಂಗಡಿಯಲ್ಲಿ ಪತ್ರಿಕೆ ಕೊಂಡು ತಂದವನು ನಾನೇ. ಜಂಬಕ್ಕೆ ಒಂದು ಪ್ರತಿಯನ್ನು ಡೈರಿ ಕಿಟಕಿಯಲ್ಲಿ ಇಟ್ಟವನೂ ನಾನೇ. ಓದಿದವರು ಒಬ್ಬಿಬ್ಬರು, ಮಿಕ್ಕವರಿಗೆ ಬಾಯಿಂದ ಬಾಯಿಗೆ ಹೋಯಿತು. ಹಾಗೆ ಹೋಗುವಾಗ ಕಥೆ ಎಂಬ ಭಾಗ ಉದುರಿಹೋಗಿ, ಹಾಲಿಗೆ ನೀರು ಹಾಕುತ್ತೇವೆಂದು ಇಂಥವರ ಗಂಡ ತಾನೇ ಬರೆದುಕೊಟ್ಟಿದ್ದಾನಂತೆ ಎಂಬಷ್ಟು ಉಳಿಯಿತು. ಕಾರ್ಖಾನೆಯಲ್ಲೂ ಸುದ್ದಿ ಮುಟ್ಟಿತು. ಉರಿಗಾಂನ ಸಹೋದ್ಯೋಗಿಯೊಬ್ಬರಿಗೆ ಕನ್ನಡ ಓದಲು ಬಾರದು. ಅವರು ಊಟದ ಹೊತ್ತಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, “ವಿಡುಂಗ ಸಾರ್, ಬಿಟ್ಬಿಡಿ, ಇದೆಲ್ಲಾ ಎಲ್ಲಾರ್ ಮನೇಲೂ ಇರೋದೇ” ಎಂದು ತಮಿಳು ಕನ್ನಡ ಎರಡರಲ್ಲೂ ಸಮಾಧಾನ ಹೇಳಿದರು.

ಹೆಸರೆತ್ತುವ ಸಂಜೆ ಬಂತು. ನನ್ನ ಹೆಂಡತಿಯ ಹೆಸರು ಬಂದದ್ದೇ ಹಿಂದಿನ ಸಾಲಿನ ಒಬ್ಬ ಅಜ್ಜಿ ಗೊಣಗಿದರು. ಕಥೆ ವಿಷಯ ತೀರ್ಮಾನವಾಗದೆ ಹೆಸರು ಒಪ್ಪುವುದಿಲ್ಲವೆಂದರು. ಬರೆದವನನ್ನೇ ಕರೆಸಿ ಎಲ್ಲರೆದುರು ಓದಿಸಬೇಕೆಂದಾಯಿತು. ಆಗ ತಾನೇ ಡ್ಯೂಟಿಯಿಂದ ಬಂದು ಗಾಡಿ ನಿಲ್ಲಿಸುತ್ತಿದ್ದ ನನ್ನನ್ನು ಹಾಗೆಯೇ ಕರೆದೊಯ್ದರು. ಸಾಹಿತ್ಯಗೋಷ್ಠಿಗಳಲ್ಲಿ ನನಗೆ ಅಷ್ಟು ತುಂಬಿದ ಸಭೆ ಸಿಕ್ಕಿಲ್ಲ, ಅಷ್ಟು ಗಮನವಿಟ್ಟು ಕೇಳಿದವರಂತೂ ಇಲ್ಲವೇ ಇಲ್ಲ.

ಓದಲು ತೊಡಗಿದಾಗ ನನ್ನ ಧೈರ್ಯ ಕೈಕೊಟ್ಟಿತು. ‘ನಾನು’ ಇದ್ದಲ್ಲೆಲ್ಲ ‘ಅವನು’ ಎಂದು ಓದುತ್ತಾ ಹೋದೆ. ಹೆಂಡತಿ ಪತ್ರಿಕೆ ಓದಿದ್ದವಳು. ಕೂತಲ್ಲಿಂದಲೇ ತಡೆದಳು.

“ಅಚ್ಚಾಗಿರೋದನ್ನ ಅಂಗೇ ಓದಿ. ನೀವು ಇಲ್ಲಿ ತಿದ್ದಿದ್ರೆ ಅದೇ ಗುಮಾನಿ ಆಗ್ತದೆ.”

‘ನಾನು’ ಎಂದೇ ಓದಿದೆ. ನಾನು ಕೋಳಿ ಕೂಗುವ ಹೊತ್ತಿಗೆ ಎದ್ದೆ ಎಂಬಲ್ಲಿ ಯಾರೋ ಕಿಸಕ್ಕೆಂದರು. ನಾನು ಹಸುವಿನ ಕೆಳಗೆ ಕೂತು ಕರೆದೆ ಎಂಬಲ್ಲಿಗೆ ನಗು ಜಗಲಿ ತುಂಬಿತು.

“ಇವ್ರಾ? ಕರ್ಯೋದಾ?” ಎಂದರು ಪಕ್ಕದ ಮನೆಯಾಕೆ. “ನಾವು ಡೈರಿಗೆ ಆಲಾಕಿ ಬರೋವಾಗ್ಲೂ ಇವ್ರ ಕಿಟ್ಕಿ ಬಾಗ್ಲು ತೆರ್ದಿರಲ್ಲ. ಆ ಅಸು ಇವ್ರನ್ನ ಕಂಡ್ರೆ ಒದೀತದೆ ಕಣಕ್ಕ.”

ನನ್ನ ಮಾನ ಹೋಯಿತು, ಹೆಂಡತಿಯ ಮಾನ ಉಳಿಯಿತು ಎಂದು ನಿಟ್ಟುಸಿರು ಬಿಟ್ಟೆ. ತಪ್ಪು ಲೆಕ್ಕ. ಅಜ್ಜಿ ಇನ್ನೂ ಮುಗಿಸಿರಲಿಲ್ಲ.

“ಸರಿ, ಇವ್ರು ಕರ್ಯಲ್ಲ. ಅಂಗಾದ್ರೆ ಉಪ್ಪು ಆಕುದ್ರೆ ಡಿಗ್ರಿ ನಿಲ್ತದೆ ಅಂತ ಇವ್ರಿಗೆ ಏಳಿದ್ಯಾರು? ಕರ್ಯೋರು ತಾನೆ ಏಳ್ಬೇಕು?”

ಎಲ್ಲರೂ ನನ್ನ ಹೆಂಡತಿಯ ಕಡೆ ತಿರುಗಿದರು. ಕಥೆಗಾರನಿಗೆ ಇಷ್ಟೆಲ್ಲ ಹೇಗೆ ಗೊತ್ತು ಎಂಬ ಪ್ರಶ್ನೆಯನ್ನು ವಿಮರ್ಶಕರು ನನಗೆ ಎಂದೂ ಕೇಳಿರಲಿಲ್ಲ. ಕೇಳಿದ್ದರೆ ಲೋಕಜ್ಞಾನವೆಂದು ಹೇಳಿ ಪಾರಾಗಬಹುದಿತ್ತು. ಹೆಂಡತಿಯ ಮುಖ ಸಣ್ಣದಾಗಿತ್ತು. ಟ್ಯಾಂಕು ಅಲ್ಲೇ, ನನ್ನ ಕಣ್ಣೆದುರಿಗೇ, ದೂರ ಹೋಗುತ್ತಿತ್ತು. ನನಗೆ ಹೇಳಿದವಳು ಯಾರೆಂಬುದು ಬಾಯಿಗೆ ಬಂದಿತ್ತು. ಆದರೆ ಹೇಳಿದರೆ ಅವಳ ಕೆಲಸಕ್ಕೆ ಕುತ್ತಾದೀತೆಂದು ನುಂಗಿಕೊಂಡೆ.

ಅಷ್ಟರಲ್ಲಿ ಆ ಹೇಳಿದವಳೇ ಎದ್ದಳು. ಡೈರಿಯ ಸೆಕ್ರೆಟರಿ, ದಿನವೂ ಎಲ್ಲರ ಹಾಲಿಗೂ ಲ್ಯಾಕ್ಟೋಮೀಟರ್ ಇಳಿಬಿಟ್ಟು ಡಿಗ್ರಿ ಕೂಗಿ ಹೇಳುವ ಹೆಣ್ಣುಮಗಳು.

“ನಾನೇ ಏಳಿದ್ದು, ಅಜ್ಜಿ. ಒಂದಿನ ಈ ಅಣ್ಣ ಬಂದು ಆಲಲ್ಲಿ ಏನೇನ್ ಮೋಸ ಮಾಡ್ತಾರೆ ಅಂತ ಕೇಳಿದ್ರು. ಮೋಸ ಇಡ್ಯೋದೇ ನನ್ ಕೆಲ್ಸ, ನಂಗೆ ಗೊತ್ತಿರಲ್ವಾ? ಉಪ್ಪು ಏಳ್ದೆ, ಸಕ್ರೆನೂ ಏಳ್ದೆ. ಅಕ್ಕನ ಆಲು ಒಂದಿನಾನೂ ಡಿಗ್ರಿ ತಪ್ಪಿಲ್ಲ. ಉಪ್ಪಿಗೂ ಬೇರೆ ಪರೀಕ್ಷೆ ಐತೆ, ಮಾಡಿದೀನಿ.”

ಅಲ್ಲಿಗೆ ನನ್ನ ಹೆಂಡತಿ ನಿರ್ದೋಷಿಯಾದಳು. ಆದರೂ ಅಜ್ಜಿಗೆ ಒಂದು ಕೊರಗು ಉಳಿದಿತ್ತು. ನಿಜವಾದ ಓದುಗರಿಗೆ ಉಳಿಯುವಂಥದ್ದೇ.

“ಅಂಗಾದ್ರೆ ಈ ‘ನಾನು’ ಅಂಬೋನು ಇವ್ರಲ್ಲ, ಇವ್ರ ಎಂಡ್ತಿನೂ ಅಲ್ಲ. ಸೆಕ್ರೆಟ್ರಿ ತನ್ ಕೈಗೆ ಸಿಕ್ಬಿದ್ದೋರನ್ನ ನೋಡೇ ಏಳವ್ಳೆ. ಮತ್ತೆ ಯಾರಮ್ಮ ಅದು?”

ಒಬ್ಬರು ಪಾತ್ರೆಯ ಒಳಗೆ ಇಣುಕಿದರು. ಒಬ್ಬರು ಸೆರಗು ಸರಿಮಾಡಿಕೊಂಡರು. ಪಕ್ಕದ ಮನೆಯಾಕೆಗೆ ಒಲೆಯ ಮೇಲೆ ಮುದ್ದೆಗೆ ಎಸರಿಟ್ಟು ಬಂದದ್ದು ಜ್ಞಾಪಕವಾಯಿತು. ಸೆಕ್ರೆಟರಿ ಏನೋ ಹೇಳಲು ಬಾಯಿ ತೆರೆಯುವುದರೊಳಗೆ ಎಲ್ಲ ಕಡೆಯಿಂದಲೂ ಒಪ್ಪಿಗೆ, ಒಪ್ಪಿಗೆ ಎಂಬ ಮಾತು ಬಂತು. ನನ್ನ ಹೆಂಡತಿಯಷ್ಟು ಬೇಗ ಅಧ್ಯಕ್ಷೆಯಾದವರು ಆ ಡೈರಿಯಲ್ಲಿ ಹಿಂದೆ ಯಾರೂ ಇರಲಿಲ್ಲವಂತೆ.

ಮಾರನೆಯ ದಿನ ಬೆಳಿಗ್ಗೆ ಡೈರಿಗೆ ಬಂದ ಹಾಲೆಲ್ಲ ಎಂದಿಗಿಂತ ಗಟ್ಟಿಯಾಗಿತ್ತು, ಅಜ್ಜಿಯದೂ ಸೇರಿ. ಸೆಕ್ರೆಟರಿ ಡಿಗ್ರಿ ಕೂಗುವುದನ್ನು ನನ್ನ ಹೆಂಡತಿ ಮೊದಲ ದಿನದ ಗಾಂಭೀರ್ಯದಿಂದ ನಿಂತು ಕೇಳಿದಳಂತೆ. ನಾನು ಕಂಡದ್ದಲ್ಲ. ನಾನಿನ್ನೂ ಮಲಗಿದ್ದೆ.