ಬರೇ ಕುಣಿ

ಝಳಕಿಯ ಧರೆಪ್ಪನದು ಹೆಣ ಹೂಳುವ ಕುಣಿ ತೋಡುವ ಮನೆತನ. ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ತೋಡಿದ ಕುಣಿಯನ್ನು ಬರಿದಾಗಿ ಬಿಡಬಾರದು. ಹೆಣ ಬರುವುದು ತಡವಾದರೆ ನಾಲ್ಕು ಕಾಳು ಜೋಳವನ್ನಾದರೂ ಒಳಗೆ ಹಾಕಬೇಕು. ಇಲ್ಲದಿದ್ದರೆ ಅದು ತೋಡಿದವರ ಮನೆಯಿಂದಲೇ ಒಬ್ಬರನ್ನು ಬಲಿಯಾಗಿ ಕೇಳುತ್ತದೆ.

ಎಪ್ಪತ್ನಾಲ್ಕನೇ ಇಸವಿಯಲ್ಲಿ ಚಡಚಣದ ಖಂಡೆಪ್ಪ ಧರೆಪ್ಪನನ್ನು ಸಮುದ್ರದ ನಡುವಿನ ಒಂದು ದ್ವೀಪಕ್ಕೆ ಕೆಲಸಕ್ಕೆ ಕರೆದೊಯ್ದ. ಅಲ್ಲೊಂದು ಭಾರೀ ಹೋಟೆಲು, ಮುಂದೆ ಗಾಲ್ಫ್ ಮೈದಾನ. ಖಂಡೆಪ್ಪ ಅಲ್ಲಿ ಹುಲ್ಲು ನೋಡಿಕೊಳ್ಳುವವರ ಮುಕಾದಮ. ಧರೆಪ್ಪನ ಹೆಂಡತಿ ಹನಮವ್ವ ಆಗ ತುಂಬಿದ ಬಸುರಿ. ಅವಳು ಕಟ್ಟಿಕೊಟ್ಟ ಜೋಳದ ಗಂಟು ಹೊತ್ತು ಅವನು ಹಡಗು ಹತ್ತಿದ.

ಅಲ್ಲಿಗೆ ಬರುವ ಸಾಹೇಬರ ಹಟ ಕೇಳಬೇಡಿ. ಉಪ್ಪುಗಾಳಿ ಹುಲ್ಲನ್ನು ಸುಡಲಿ, ಮಧ್ಯಾಹ್ನದ ಮಳೆ ಮೈದಾನವನ್ನೆಲ್ಲ ಕೆಸರು ಮಾಡಲಿ, ಅವರಿಗೆ ಜಾಹೀರಾತಿನಲ್ಲಿ ಕಂಡ ಹಸಿರೇ ಬೇಕು. ಚೆಂಡು ಬೀಳುವ ಗುಂಡಿಯ ಸುತ್ತ ಹುಲ್ಲು ಸವೆಯಬಾರದೆಂದು ದಿನಾ ಬೆಳಿಗ್ಗೆ ಹಳೆಯ ಗುಂಡಿ ಮುಚ್ಚಿ ಪಕ್ಕದಲ್ಲಿ ಹೊಸದನ್ನು ತೋಡಬೇಕು. ಆ ಕೆಲಸ ಧರೆಪ್ಪನ ಪಾಲಿಗೆ ಬಂತು. ಅವನ ಬಾಯಲ್ಲಿ ಅದಕ್ಕೂ ಕುಣಿ ಎಂದೇ ಹೆಸರು. ಮೊದಲ ದಿನವೇ ಮನೆಯ ಕಟ್ಟಳೆ ನೆನಪಾಯಿತು. ಪ್ರತಿಯೊಂದಕ್ಕೂ ಜೋಳ ಹಾಕಿಯೇ ಮುಂದೆ ಹೋದ.

ಆ ಮಣ್ಣಿನಲ್ಲಿ ಜೋಳ ಸುಮ್ಮನಿದ್ದೀತೇ? ಮುಚ್ಚಿದ ಕುಣಿಗಳ ಅಂಚಿನಲ್ಲೆಲ್ಲ ಮೊಳೆತು ನಿಂತಿತು. ಸಾಹೇಬರು ಕೆಂಡವಾದರು.

"ಲೇ ಧರೆಪ್ಪಾ, ಗಾದಿಯಂಥಾ ಹುಲ್ಲಿನಾಗ ಹೊಲಾ ಮಾಡಾಕತ್ತೀ ಏನು?" ಖಂಡೆಪ್ಪ ಗದರಿದ. "ಇನ್ನೊಮ್ಮೆ ಕಾಳು ಕಂಡ್ರ ಇಬ್ಬರನೂ ಹೊರಗ ಹಾಕ್ತಾರ. ಇದು ಚೆಂಡಿನ ಕುಣಿ, ಹೆಣದ್ದಲ್ಲ."

"ಅದು ಭೂಮಿಗೆ ಹ್ಯಾಂಗ ಗೊತ್ತಾಗಬೇಕ್ರಿ, ಮುಕಾದಮ್ರ?"

ಆದರೂ ಕಾಳು ಹಾಕುವುದು ನಿಂತಿತು. ಅದರ ಹಿಂದೆಯೇ ನಿದ್ದೆಯೂ ಹೋಯಿತು. ಬಿಸಿಲಲ್ಲಿ ಬಾಯ್ತೆರೆದ ಕುಣಿಗಳ ಮುಂದೆ ಹಾಯ್ದರೆ ಮನೆಯವರ ಹೆಸರು ಕರೆದಂತಾಗುತ್ತಿತ್ತು. ಯಾರೋ ಕುಣಿಯೊಳಗೆ ಚೆಂಡು ಕೆಡವಿ ಚಪ್ಪಾಳೆ ತಟ್ಟಿದರೂ ಬೆಚ್ಚಿಬೀಳುತ್ತಿದ್ದ. ಕಡೆಗೆ ಕರಾರು ಮುಗಿಯುವ ಮೊದಲೇ ಊರಿಗೆ ಓಡಿ ಬಂದ.

ಹೊಸ್ತಿಲಲ್ಲಿ ಹನಮವ್ವ ಒಬ್ಬಳೇ ಕುಳಿತಿದ್ದಳು. ಒಳಗೆ ತೊಟ್ಟಿಲು ಕಾಣಲಿಲ್ಲ. ಕೂಸು ಹೋಗಿದೆಯೆಂದು ಅವಳ ಮುಖವೇ ಹೇಳಿತು. ಯಾವಾಗ ಎಂದು ಕೇಳಲು ಅವನಿಗೆ ಧೈರ್ಯವಾಗಲಿಲ್ಲ. ಕಾಳು ನಿಲ್ಲಿಸಿದ ತಿಂಗಳನ್ನೇ ಅವಳು ಹೇಳಿಬಿಟ್ಟರೆ ಬದುಕುವುದು ಹೇಗೆ?

"ಕುಣಿ ಯಾರು ತೋಡಿದ್ರು?" ಎಂದ.

"ನಾನ ತೋಡಿದೆ. ಮಂದಿ ಕೈಯಾಗ ಹ್ಯಾಂಗ ಕೊಡ್ಲಿ?" ಹನಮವ್ವನ ದನಿ ಇಳಿಯಿತು. "ತೋಡಿದ ಮ್ಯಾಲ ಕೂಸಿನ್ನ ಬಿಡಾಕ ಮನಸ್ಸಾಗಲಿಲ್ರಿ. ಹೊತ್ತು ಮುಣಗೂತನಕ ಎದಿಗೆ ಅವಚಿಕೊಂಡು ಬರೇ ಕುಣಿ ಮುಂದ ಕುಂತೆ. ಜ್ವಾಳ ಹಾಕೂದು ಮರತೇ ಬಿಟ್ಟೆ. ಅದು ನಿಮ್ಮನ್ನ ಕೇಳತೈತಿ ಅಂತ ಅವತ್ತಿಂದ ಜೀವಾ ಕೈಯಾಗ ಹಿಡಕೊಂಡು ದಾರಿ ನೋಡೀನ್ರಿ."

ಧರೆಪ್ಪ ಅವಳ ಪಕ್ಕದಲ್ಲಿ ಕುಳಿತ.

"ಹುಚ್ಚಿ, ನಾ ಬಂದೀನಲ್ಲ," ಎಂದ. "ಕುಣಿಗೇನು ಬಾಯಿ ಐತೇನು ಕೇಳಾಕ?"

ಹನಮವ್ವ ಆ ಮಾತು ನಂಬಿದಳು, ಬಿಕ್ಕಿ ಬಿಕ್ಕಿ ಅತ್ತು ಹಗುರಾದಳು. ಹೇಳಿದವನಿಗೆ ಮಾತ್ರ ಸಾಯುವತನಕ ಅದನ್ನು ನಂಬಲಾಗಲಿಲ್ಲ.